ದತ್ತು ತೆಗೆದುಕೊಳ್ಳಲು ದುಡ್ಡಿನ ಸಹಾಯ ಯಾರು ಮಾಡುತ್ತಾರೆ?

ದತ್ತು ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆವು. ಮಗುವಿಗೆ ಸತ್ಯ ಯಾವಾಗ ಹೇಳಬೇಕು, ಅತ್ತೆ ಒಪ್ಪದಿದ್ದರೆ ಏನು ಮಾಡಬೇಕು, ಇಂಥ ಪತ್ರಗಳು ಜಾಸ್ತಿ ಬರಬಹುದು ಅಂತ ಕಾಯುತ್ತಿದ್ದೆ. ಬಂದದ್ದು ಬಹುಪಾಲು ದುಡ್ಡಿನ ಪ್ರಶ್ನೆಗಳು. ಬೇಜಾರೇನಿಲ್ಲ, ಈ ವಿಷಯದಲ್ಲಿ ಜನರಿಗೆ ಮೋಸ ಆಗುವುದೂ ಅಲ್ಲೇ, ಭಯ ಹುಟ್ಟುವುದೂ ಅಲ್ಲೇ. ಬರೆದವರ ಹೆಸರು ಬಿಟ್ಟಿದ್ದೇನೆ, ಬಡಾವಣೆ ಮಾತ್ರ ಇದೆ.

ಪ್ರ: ನಾನು ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಆಪರೇಟರ್. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಇಬ್ಬರದೂ ಸೇರಿ ತಿಂಗಳಿಗೆ 30 ಸಾವಿರದ ಹತ್ತಿರ ಬರುತ್ತದೆ. ಬಾಡಿಗೆ ಮನೆ. ದತ್ತು ತಗೊಳ್ಳೋಣ ಅಂದರೆ ನೆಂಟರೆಲ್ಲ ಐದಾರು ಲಕ್ಷ ಬೇಕು, ಸ್ವಂತ ಮನೆ ಇರಬೇಕು ಅನ್ನುತ್ತಾರೆ. ನಮ್ಮಂಥವರಿಗೆ ದತ್ತು ಖರ್ಚು ಕೊಡುವ ಟ್ರಸ್ಟ್ ಯಾವುದಾದರೂ ಇದೆಯಾ?
— ಪೀಣ್ಯ

ಉ: ನೆಂಟರ ಮಾತು ಬಿಡಿ. ಐದಾರು ಲಕ್ಷ ಎನ್ನುವುದು ಸುಳ್ಳು, ಸ್ವಂತ ಮನೆ ಎನ್ನುವುದೂ ಸುಳ್ಳು. ನಮ್ಮ ದೇಶದಲ್ಲಿ ಕಾನೂನು ಪ್ರಕಾರ ದತ್ತು ತೆಗೆದುಕೊಳ್ಳುವುದಕ್ಕೆ ಕೇಂದ್ರ ಸರ್ಕಾರದ ಕಾರಾ ಎಂಬ ಸಂಸ್ಥೆ ಇದೆ, ಪೂರ್ತಿ ಹೆಸರು ಸೆಂಟ್ರಲ್ ಅಡಾಪ್ಷನ್ ರಿಸೋರ್ಸ್ ಅಥಾರಿಟಿ. ಅದರ ಪೋರ್ಟಲ್‌ನಲ್ಲಿ ನೀವೇ ಹೆಸರು ನೋಂದಾಯಿಸಬಹುದು. ಎಷ್ಟು ಕಟ್ಟಬೇಕು ಅಂತ 2022ರ ದತ್ತು ನಿಯಮಾವಳಿಯಲ್ಲೇ ಬರೆದಿದ್ದಾರೆ. ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರಲ್ಲ, ಆ ಹೋಮ್ ಸ್ಟಡಿಗೆ 6,000 ರೂಪಾಯಿ. ಮಗು ಗೊತ್ತಾದ ಮೇಲೆ, ಆ ಮಗುವನ್ನು ಅಲ್ಲಿಯವರೆಗೆ ಸಾಕಿದ ಸಂಸ್ಥೆಗೆ ಮಕ್ಕಳ ಆರೈಕೆ ನಿಧಿ ಅಂತ 50,000. ಮಗು ಮನೆಗೆ ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ನೋಡಿಕೊಂಡು ಹೋಗುತ್ತಾರೆ, ಒಂದು ಸಲಕ್ಕೆ 2,000, ಒಟ್ಟು ನಾಲ್ಕು ಸಲ. ಎಲ್ಲ ಕೂಡಿದರೆ 64,000. ಕಟ್ಟುವ ದಿನ ಪೋರ್ಟಲ್‌ನಲ್ಲಿ ಇನ್ನೊಮ್ಮೆ ದರ ನೋಡಿಕೊಳ್ಳಿ, ಸರ್ಕಾರ ಬದಲಾಯಿಸುತ್ತಿರುತ್ತದೆ. ಮೊದಲು ಆರೈಕೆ ನಿಧಿ 40,000 ಇತ್ತು.

ವಕೀಲರ ಫೀಸು ಅಂತ ಹೆದರಿಸುವವರೂ ಇರುತ್ತಾರೆ. ಅದು ಹಳೆಯ ಕಥೆ. ದತ್ತು, ಮಕ್ಕಳ ರಕ್ಷಣೆ ಎಲ್ಲ ಬರುವ ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿ 2022ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ದತ್ತು ಆದೇಶ ಕೊಡುವುದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಅರ್ಜಿಯನ್ನು ಸಂಸ್ಥೆ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರೇ ಹಾಕುತ್ತಾರೆ. ನೀವು ವಕೀಲರನ್ನು ಇಟ್ಟುಕೊಳ್ಳುವ ಅಗತ್ಯವೇ ಇಲ್ಲ.

ಇನ್ನು ನಿಮ್ಮ ಸಂಬಳ. ಇಷ್ಟೇ ಆದಾಯ ಇರಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಮಗುವನ್ನು ಸಾಕುವ ಆರ್ಥಿಕ ಶಕ್ತಿ ಇರಬೇಕು ಅಂತ ಮಾತ್ರ ಇದೆ. ಸಂಬಳದ ಚೀಟಿ ಸಾಕು, ಇಲ್ಲದಿದ್ದರೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ನಡೆಯುತ್ತದೆ. ಹೋಮ್ ಸ್ಟಡಿಗೆ ಬರುವವರು ಸೋಫಾ ಎಣಿಸಲು ಬರುವುದಿಲ್ಲ. ತಿಂಗಳ ಕೊನೆಗೆ ಕೈಸಾಲ ಎಷ್ಟಿರುತ್ತದೆ, ಇಬ್ಬರಿಗೂ ಮಗು ಬೇಕಾ ಅಥವಾ ಒಬ್ಬರಿಗೆ ಮಾತ್ರವಾ, ನೀವು ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಯಾರು, ಅವರಿಗೆ ಬೇಕಾದದ್ದು ಇಂಥದ್ದು. ನಿಮ್ಮ ಹೆಂಡತಿ ಮನೆಯಲ್ಲೇ ಹೊಲಿಯುತ್ತಾರೆ ಎನ್ನುವುದು ಅಲ್ಲಿ ನಿಮಗೆ ಒಳ್ಳೆಯ ಅಂಕವೇ.

ಟ್ರಸ್ಟ್ ವಿಷಯಕ್ಕೆ ಬರುತ್ತೇನೆ. ದತ್ತು ಶುಲ್ಕ ಕಟ್ಟಿಕೊಡುವ ಟ್ರಸ್ಟ್ ಹುಡುಕುತ್ತಾ ಅಲೆಯಬೇಡಿ ಅಂತಲೇ ನಾನು ಹೇಳುವುದು. ಯಾಕೆ ಅಂದರೆ ಈ ದುಡ್ಡು ಒಂದೇ ದಿನ ಬೇಕಾಗುವುದಿಲ್ಲ. ಆರೋಗ್ಯವಾಗಿರುವ ಚಿಕ್ಕ ಮಗುವಿಗಾಗಿ ಈಗ ಮೂರು ವರ್ಷಕ್ಕೂ ಜಾಸ್ತಿ ಕಾಯಬೇಕಾಗುತ್ತದೆ. 2024-25ರಲ್ಲಿ ದಾಖಲೆ ಸಂಖ್ಯೆಯ ದತ್ತು ಆಯಿತು ಅಂತ ಸುದ್ದಿ ಬಂತಲ್ಲ, ಆಗಲೂ ಇಡೀ ದೇಶದಲ್ಲಿ ಆದದ್ದು 4,515 ಮಕ್ಕಳ ದತ್ತು, ಕಾದು ಕೂತವರು ಅದರ ಎಷ್ಟೋ ಪಟ್ಟು. ಈ ಮೂರು ವರ್ಷ ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ 1,800 ರೂಪಾಯಿಯ ಆರ್‌ಡಿ ಕಟ್ಟಿದರೆ ಮುಗಿಯಿತು, 64,000 ಬಂದೇ ಬಿಡುತ್ತದೆ. ರೇಷನ್ ಕಾರ್ಡಿನಲ್ಲಿ ಹೆಂಡತಿ ಯಜಮಾನಿ ಆಗಿದ್ದು ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದನ್ನೇ ಅತ್ತ ತಿರುಗಿಸಿ. ಸ್ವಲ್ಪ ಬೇರೆ ಖರ್ಚೂ ಇದೆ. ಮಗು ಕಲಬುರಗಿಯಲ್ಲಿ ಸಿಗಬಹುದು, ಬೇರೆ ರಾಜ್ಯದಲ್ಲೂ ಸಿಗಬಹುದು, ಹೋಗಿ ಬರುವ ರೈಲು, ಲಾಡ್ಜು, ವೈದ್ಯಕೀಯ ಪ್ರಮಾಣಪತ್ರ, ನೋಟರಿ ಅಂತ. ಇವಕ್ಕೆ 15-20 ಸಾವಿರ ಬೇರೆ ಇಟ್ಟುಕೊಂಡರೆ ಒದ್ದಾಟ ಇರುವುದಿಲ್ಲ.

ಆರು ತಿಂಗಳ ಭೇಟಿಗೆ ಬರುವವರಿಗೆ ಕೈಗೆ ಏನಾದರೂ ಕೊಡಬೇಕಾ ಅಂತ ಪತ್ರದ ಕೊನೆಯಲ್ಲಿ ಸಣ್ಣಗೆ ಕೇಳಿದ್ದೀರಿ. ಬೇಡ. ರಶೀದಿ ಇಲ್ಲದ ಒಂದು ರೂಪಾಯಿಯೂ ಬೇಡ.

ಪ್ರ: ನನ್ನ ತಂಗಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿ ದತ್ತು ತೆಗೆದುಕೊಳ್ಳುವವರಿಗೆ ಚಾರಿಟಿ ಸಂಸ್ಥೆಗಳು ಸಾವಿರಾರು ಡಾಲರ್ ಗ್ರ್ಯಾಂಟ್ ಕೊಡುತ್ತವಂತೆ, ಸರ್ಕಾರ ಟ್ಯಾಕ್ಸ್ ಬಿಡುತ್ತದಂತೆ. ನಮ್ಮಲ್ಲಿ ಯಾಕಿಲ್ಲ? ನಮ್ಮ ಶ್ರೀಮಂತರಿಗೆ ಮನಸ್ಸಿಲ್ಲವಾ?
— ಜಯನಗರ

ಉ: ತಂಗಿ ಹೇಳಿದ್ದು ನಿಜ. ಆದರೆ ಅಲ್ಲಿ ಅದು ಯಾಕೆ ಹುಟ್ಟಿತು ಎಂದು ನೋಡಿದರೆ ನಿಮಗೆ ಹೊಟ್ಟೆಕಿಚ್ಚು ಆಗುವುದಿಲ್ಲ. ಅಲ್ಲಿ ಖಾಸಗಿ ಏಜೆನ್ಸಿ ಮೂಲಕ ಒಂದು ಹಸುಗೂಸನ್ನು ದತ್ತು ತೆಗೆದುಕೊಳ್ಳಲು 30,000 ಡಾಲರ್ ದಾಟುವುದು ಮಾಮೂಲಿ. ಏಜೆನ್ಸಿ ಫೀಸು, ವಕೀಲರ ಫೀಸು, ಹೆತ್ತ ತಾಯಿಯ ವೈದ್ಯಕೀಯ ಖರ್ಚು, ಹೀಗೆ ಬಿಲ್ ಬೆಳೆಯುತ್ತದೆ. ಮೇಷ್ಟ್ರು, ನರ್ಸು ಕೆಲಸ ಮಾಡುವವರು ಮನೆ ಅಡ ಇಡಬೇಕಾಗುತ್ತದೆ. ಆ ಹೊರೆ ಇಳಿಸಲು ಸಂಸ್ಥೆಗಳು ಹುಟ್ಟಿಕೊಂಡವು. ಗಾಯಕ ಸ್ಟೀವನ್ ಕರ್ಟಿಸ್ ಚಾಪ್‌ಮನ್ ಮತ್ತು ಅವರ ಹೆಂಡತಿ ಚೀನಾದಿಂದ ಹೆಣ್ಣುಮಕ್ಕಳನ್ನು ದತ್ತು ತಂದ ಮೇಲೆ 2003ರಲ್ಲಿ ಶೋ ಹೋಪ್ ಅಂತ ಶುರು ಮಾಡಿದರು. ವೆಂಡೀಸ್ ಎಂಬ ಬರ್ಗರ್ ಹೋಟೆಲುಗಳ ಮಾಲೀಕ ಡೇವ್ ಥಾಮಸ್ ಸ್ವತಃ ದತ್ತು ಮಗನಾಗಿ ಬೆಳೆದವರು, ಅವರು 1992ರಲ್ಲಿ ತಮ್ಮ ಹೆಸರಿನ ಫೌಂಡೇಷನ್ ಕಟ್ಟಿದರು. ಅದು ಮಾಡುವುದು ಬೇರೆ ಕೆಲಸ, ಸರ್ಕಾರದ ಆರೈಕೆಯಲ್ಲಿ ಬೆಳೆಯುತ್ತಿರುವ, ಯಾರೂ ಕೇಳದ ದೊಡ್ಡ ಮಕ್ಕಳಿಗೆ ಮನೆ ಹುಡುಕುವುದು. ಅಂಥ ಮಕ್ಕಳನ್ನು ದತ್ತು ತೆಗೆದುಕೊಂಡರೆ ಅಲ್ಲೂ ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಗ್ರ್ಯಾಂಟ್ ಸುಮ್ನೆ ಕೈಗೆ ಬರುವುದೂ ಇಲ್ಲ. ಹೋಮ್ ಸ್ಟಡಿ ಮುಗಿದಿರಬೇಕು, ಆದಾಯ ಸಾಲ ಎಲ್ಲದರ ವಿವರ ಬಿಚ್ಚಿಡಬೇಕು, ಕೆಲವು ಸಂಸ್ಥೆಗಳು ಯಾವ ಚರ್ಚಿಗೆ ಹೋಗುತ್ತೀರಿ ಅಂತಲೂ ಕೇಳುತ್ತವೆ. ದುಡ್ಡು ಸಾಮಾನ್ಯವಾಗಿ ಕುಟುಂಬದ ಖಾತೆಗೆ ಬರುವುದಿಲ್ಲ, ನೇರ ಏಜೆನ್ಸಿಗೆ ಹೋಗುತ್ತದೆ. ಈ ಒಂದು ಪದ್ಧತಿ ಮಾತ್ರ ನನಗೆ ಬಹಳ ಹಿಡಿಸಿತು. ಇನ್ನು ತೆರಿಗೆ ರಿಯಾಯಿತಿ, 2025ಕ್ಕೆ ಅದರ ಮಿತಿ ಒಂದು ಮಗುವಿಗೆ 17,280 ಡಾಲರ್. ಮೊದಲೆಲ್ಲ ತೆರಿಗೆ ಕಟ್ಟುವಷ್ಟು ಆದಾಯ ಇದ್ದವರಿಗೆ ಮಾತ್ರ ಇದರಿಂದ ಲಾಭ ಇತ್ತು. ಆ ವರ್ಷದಿಂದ ಅದರಲ್ಲಿ 5,000 ಡಾಲರ್‌ವರೆಗೆ ವಾಪಸ್ ಸಿಗುವ ಹಾಗೆ ಮಾಡಿದ್ದಾರೆ.

ನಮ್ಮಲ್ಲಿ ಶುಲ್ಕವನ್ನೇ ಕಡಿಮೆ ಇಟ್ಟರು. ಅದರ ಹಿಂದೆಯೂ ಒಂದು ಕಥೆ ಇದೆ. ಎಂಬತ್ತರ ದಶಕದಲ್ಲಿ ವಿದೇಶಿಯರಿಗೆ ಮಕ್ಕಳನ್ನು ಕಳಿಸುವ ಹೆಸರಿನಲ್ಲಿ ದಂಧೆ ನಡೆಯುತ್ತಿದೆ ಅಂತ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಅದೇ ಪ್ರಕರಣದಲ್ಲಿ 1984ರಲ್ಲಿ ತೀರ್ಪು ಬಂತು, ಮಾರ್ಗಸೂಚಿ ಬಂತು, 1990ರಲ್ಲಿ ಕಾರಾ ಬಂತು. ಇಲ್ಲಿನ ನಿಯಮಗಳು ದುಡ್ಡಿನ ಬಗ್ಗೆ ಇಷ್ಟು ಅನುಮಾನದಿಂದ ನೋಡುವುದಕ್ಕೆ ಕಾರಣ ಅದು. ನಮಗೆ ಗ್ರ್ಯಾಂಟ್ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ದುಡ್ಡು ಬೇಕಾಗಿರುವ ಜಾಗ ಬೇರೆ, ಕೊನೆಯ ಪತ್ರಕ್ಕೆ ಉತ್ತರಿಸುವಾಗ ಅದನ್ನು ಹೇಳುತ್ತೇನೆ.

ತಂಗಿ ಭಾರತದಿಂದಲೇ ಮಗು ತರುವ ಯೋಚನೆಯಲ್ಲಿದ್ದರೆ ಇಲ್ಲಿನ ಶುಲ್ಕ 5,000 ಡಾಲರ್. ಅಲ್ಲಿನ ಏಜೆನ್ಸಿ, ಹೋಮ್ ಸ್ಟಡಿ, ವೀಸಾ ಖರ್ಚು ಬೇರೆ. ಆ ಭಾಗಕ್ಕೆ ಅಮೆರಿಕದ ಸಂಸ್ಥೆಗಳ ಗ್ರ್ಯಾಂಟ್ ಕೇಳಬಹುದು, ತಪ್ಪೇನಿಲ್ಲ. ಅನಿವಾಸಿ ಭಾರತೀಯರಿಗೆ ಸರದಿಯಲ್ಲಿ ನಮ್ಮಷ್ಟೇ ಆದ್ಯತೆ ಇದೆ.

ಪ್ರ: ಮದುವೆ ಮನೆಯಲ್ಲಿ ಪರಿಚಯವಾದ ಒಬ್ಬ ಹೆಂಗಸು ವಾಟ್ಸಾಪ್‌ನಲ್ಲಿ ಒಂದು ಮಗುವಿನ ಫೋಟೋ ಕಳಿಸಿದರು. ಹೆತ್ತವಳಿಗೆ ಮದುವೆ ಆಗಿಲ್ಲ, ಆಸ್ಪತ್ರೆ ಬಿಲ್ಲು ಮೂರೂವರೆ ಲಕ್ಷ ಕಟ್ಟಿದರೆ ಮಗು ನಿಮ್ಮದು, ಹೆರಿಗೆ ನಿಮ್ಮ ಹೆಸರಲ್ಲೇ ಬರೆಸುತ್ತೇವೆ ಅನ್ನುತ್ತಾರೆ. ಇದು ಒಂದು ಥರ ಆ ಹುಡುಗಿಗೆ ಸಹಾಯವೇ ಅಲ್ವಾ? ಕಾರಾದಲ್ಲಿ ಕಾದು ಸಾಕಾಗಿದೆ.
— ಯಲಹಂಕ

ಉ: ಅಲ್ಲ. ಇದು ಮಗುವಿನ ಮಾರಾಟ. ಮೆತ್ತಗೆ ಹೇಳಲು ಬರುವುದಿಲ್ಲ, ಕ್ಷಮಿಸಿ.

ಬಾಲನ್ಯಾಯ ಕಾಯ್ದೆಯ 81ನೇ ಸೆಕ್ಷನ್ ಪ್ರಕಾರ ಮಗುವನ್ನು ಮಾರಿದವರಿಗೂ ಕೊಂಡವರಿಗೂ 5 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ದಂಡ. ಮಗು ಯಾರ ಸುಪರ್ದಿಯಲ್ಲಿ ಇತ್ತೋ ಅವರೇ, ಅಂದರೆ ಆಸ್ಪತ್ರೆ ಸಿಬ್ಬಂದಿಯಂಥವರು, ಮಾರಿದ್ದರೆ 3ರಿಂದ 7 ವರ್ಷ. ಬಿಲ್ಲು, ದೇಣಿಗೆ, ಉಡುಗೊರೆ, ಯಾವ ಹೆಸರು ಕೊಟ್ಟರೂ ಅಷ್ಟೇ. ಹೆರಿಗೆ ನಿಮ್ಮ ಹೆಸರಲ್ಲಿ ಬರೆಸುವುದು ಇನ್ನೊಂದು ಅಪರಾಧ, ಸುಳ್ಳು ದಾಖಲೆ ಸೃಷ್ಟಿ. ಆ ಜನನ ಪ್ರಮಾಣಪತ್ರ ಹಿಡಿದುಕೊಂಡು ಮುಂದೆ ಪ್ರತಿ ಸಲ ಶಾಲೆ, ಆಧಾರ್, ಪಾಸ್‌ಪೋರ್ಟ್ ಕೌಂಟರಿನ ಮುಂದೆ ನಿಮ್ಮ ಎದೆ ಡವಗುಟ್ಟುತ್ತಲೇ ಇರುತ್ತದೆ. ಬ್ಲ್ಯಾಕ್‌ಮೇಲ್ ಮಾಡುವುದಕ್ಕೆ ಆ ಹೆಂಗಸಿಗೆ ಬೇರೇನೂ ಬೇಕಾಗಿಲ್ಲ.

ಇನ್ನೊಂದು ಯೋಚನೆ ಮಾಡಿ. ಆ ಫೋಟೋದಲ್ಲಿರುವ ಮಗು ಯಾರದು? ಮದುವೆಯಾಗದ ಹುಡುಗಿ ಎಂಬ ಕಥೆ ನಿಜವೇ ಅಂತ ನಿಮಗೆ ಹೇಗೆ ಗೊತ್ತು? 2020ರಲ್ಲಿ ಚಾಮರಾಜಪೇಟೆಯ ಆಸ್ಪತ್ರೆಯೊಂದರಲ್ಲಿ ಆಗಷ್ಟೇ ಹುಟ್ಟಿದ ಮಗು ತಾಯಿಯ ಪಕ್ಕದಿಂದ ಕಳುವಾಯಿತು. ಅದನ್ನು ಬಾಡಿಗೆ ತಾಯ್ತನದಿಂದ ಹುಟ್ಟಿದ ನಿಮ್ಮದೇ ಮಗು ಅಂತ ನಂಬಿಸಿ ಇನ್ನೊಂದು ದಂಪತಿಗೆ ಲಕ್ಷಗಟ್ಟಲೆ ದುಡ್ಡಿಗೆ ಕೊಟ್ಟಿದ್ದರು. ಒಂದು ವರ್ಷದ ಮೇಲೆ ಪೊಲೀಸರು ಪತ್ತೆ ಮಾಡಿದರು. ಹೆತ್ತ ತಾಯಿ ಒಂದು ವರ್ಷ ಅತ್ತಳು. ಸಾಕಿದ ತಾಯಿ ಆಮೇಲೆ ಅತ್ತಳು. ನಡುವೆ ದುಡ್ಡು ಎಣಿಸಿಕೊಂಡವರು ಬೇರೆ.

ನಿಜವಾಗಿಯೂ ಒಬ್ಬ ಹುಡುಗಿ ಕಷ್ಟದಲ್ಲಿದ್ದರೆ ಅವಳಿಗೆ ದಾರಿ ಇದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು, ಹೆಸರು ಗುಟ್ಟಾಗಿ ಇಡುತ್ತಾರೆ, ದುಡ್ಡು ಕೇಳುವುದಿಲ್ಲ. ಮನಸ್ಸು ಬದಲಾದರೆ ಮಗುವನ್ನು ವಾಪಸ್ ಪಡೆಯಲು 60 ದಿನ ಅವಕಾಶ ಇದೆ. ಆ ಹೆಂಗಸಿನ ನಂಬರ್ ಮತ್ತು ಮೆಸೇಜುಗಳನ್ನು ಅಳಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ತಿಳಿಸಿ. ಕಾರಾದಲ್ಲಿ ನಿಮ್ಮ ಸರದಿ ಹಾಗೇ ಇರಲಿ. ಕೈಬಿಡಬೇಡಿ.

ಪ್ರ: ನಮ್ಮ ಟೀಮಿನ ಒಬ್ಬರಿಗೆ ಮಗು ಮ್ಯಾಚ್ ಆಗಿದೆ. ಈಗಷ್ಟೇ ಮನೆಯಲ್ಲಿ ಆಸ್ಪತ್ರೆ ಖರ್ಚಾಗಿ ಕೈ ಖಾಲಿ. ನಾವೆಲ್ಲ ಸೇರಿ ಆನ್‌ಲೈನ್ ಕ್ರೌಡ್‌ಫಂಡಿಂಗ್ ಮಾಡೋಣ, ಮಗುವಿನ ಫೋಟೋ ಹಾಕಿದರೆ ಬೇಗ ದುಡ್ಡು ಬರುತ್ತದೆ ಅಂದುಕೊಂಡಿದ್ದೇವೆ. ಸರೀನಾ?
— ಮಹದೇವಪುರ

ಉ: ನಿಮ್ಮ ಮನಸ್ಸು ದೊಡ್ಡದು, ಫೋಟೋ ಮಾತ್ರ ಬೇಡವೇ ಬೇಡ. ರಕ್ಷಣೆ ಬೇಕಾದ ಮಗುವಿನ ಗುರುತು ಸಿಗುವಂಥ ಫೋಟೋ, ಹೆಸರು, ವಿಳಾಸ ಯಾವುದನ್ನೂ ಪ್ರಕಟಿಸಬಾರದು ಅಂತ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ತಪ್ಪಿದರೆ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ. ಕಾನೂನು ಪಕ್ಕಕ್ಕಿಡಿ, ಆ ಮಗು ಹದಿನಾರು ವರ್ಷದವಳಾಗಿ ತನ್ನ ಹೆಸರು ಹುಡುಕಿದಾಗ 'ನನ್ನನ್ನು ಮನೆಗೆ ತರಲು ಚಂದಾ ಎತ್ತಿದರು' ಅಂತ ಕಾಣಬೇಕಾ?

ಬೇಕಾಗಿರುವುದು 50,000 ತಾನೆ? ಇಪ್ಪತ್ತು ಜನರ ಟೀಮಿನಲ್ಲಿ ತಲೆಗೆ 2,500 ಆಯಿತು. ಸುಮ್ನೆ ಅವರ ಖಾತೆಗೆ ಹಾಕಿ, ಊರಿಗೆಲ್ಲ ಹೇಳಬೇಡಿ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ದಾಟಿ ಉಡುಗೊರೆ ಬಂದರೆ ಅದಕ್ಕೆ ತೆರಿಗೆ ಬೀಳುತ್ತದೆ, ಅಷ್ಟು ನೋಡಿಕೊಳ್ಳಿ. ಸಂಸ್ಥೆಗೆ ಕಟ್ಟುವುದು ಅವರ ಖಾತೆಯಿಂದಲೇ ಹೋಗಲಿ, ನೀವು ಯಾರೂ ನೇರ ಸಂಸ್ಥೆಗೆ ಕಳಿಸಬೇಡಿ. ಅದಕ್ಕೂ ಮೊದಲು ಎಚ್‌ಆರ್ ಹತ್ತಿರ ಕೇಳಿ. ಬೆಂಗಳೂರಿನ ಕೆಲವು ಬಹುರಾಷ್ಟ್ರೀಯ ಕಂಪನಿಗಳಲ್ಲಿ ದತ್ತು ವೆಚ್ಚ ಭರಿಸುವ ಪಾಲಿಸಿ ಇರುತ್ತದೆ, ಉದ್ಯೋಗಿಗಳಿಗೆ ಅದು ಗೊತ್ತೇ ಇರುವುದಿಲ್ಲ. ಗ್ರೂಪ್ ಆರೋಗ್ಯ ವಿಮೆಯಲ್ಲಿ ಮಗುವಿನ ಹೆಸರು ಸೇರಿಸುವುದನ್ನೂ ಅದೇ ಮೇಲ್‌ನಲ್ಲಿ ಕೇಳಿಬಿಡಲಿ.

ಪ್ರ: ನನ್ನ ಅಣ್ಣನಿಗೆ ಮೂರನೆಯದೂ ಹೆಣ್ಣು. ನಮಗೆ ಮಕ್ಕಳಿಲ್ಲ. ಕೂಸನ್ನು ನಮಗೆ ಕೊಡಲು ಒಪ್ಪಿದ್ದಾರೆ. ಅಣ್ಣನಿಗೆ ಒಂದೂವರೆ ಲಕ್ಷ ಸಾಲ ಇದೆ, ಅದನ್ನು ನಾವು ತೀರಿಸುತ್ತೇವೆ ಅಂತ ಮಾತಾಗಿದೆ. ಪತ್ರದಲ್ಲಿ ಅದನ್ನೂ ಬರೆಸಬೇಕಾ?
— ಕೆಂಗೇರಿ

ಉ: ಬರೆಸುವುದಲ್ಲ, ಆ ಮಾತೇ ಆಗಬಾರದಿತ್ತು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ 17ನೇ ಸೆಕ್ಷನ್‌ನಲ್ಲಿ ದತ್ತು ಕೊಡುವುದಕ್ಕೆ ಪ್ರತಿಯಾಗಿ ದುಡ್ಡು ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಮನೆಯೊಳಗಿನ ವ್ಯವಹಾರ ಅಂತ ವಿನಾಯಿತಿ ಇಲ್ಲ. ನಾಳೆ ಆಸ್ತಿ ವಿಷಯದಲ್ಲಿ ಯಾರಾದರೂ ಮುನಿಸಿಕೊಂಡರೆ 'ಮಗು ಮಾರಿದ' ಅಂತ ಹಬ್ಬದ ದಿನ ಮನೆ ಮುಂದೆ ನಿಂತು ಕೂಗುವುದಕ್ಕೆ ಇಷ್ಟು ಸಾಕು.

ಅತ್ತಿಗೆಯ ಜೊತೆ ಒಂದು ಸಲ, ಅಣ್ಣ ಇಲ್ಲದಾಗ, ಕೂತು ಮಾತಾಡಿ. ಸಾಲದ ಮಾತೇ ಇಲ್ಲದಿದ್ದರೂ ಅವರು ಕೂಸನ್ನು ಕೊಡುತ್ತಾರಾ? ಹೌದು ಅಂದರೆ ದತ್ತು ಪತ್ರ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಇಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ಅಣ್ಣನ ಸಾಲ ತೀರಿಸುವ ಮನಸ್ಸಿದ್ದರೆ ಮಗು ಬರಲಿ ಬಿಡಲಿ ತೀರಿಸಿ, ಅದು ಅಣ್ಣ ತಮ್ಮಂದಿರ ನಡುವಿನದು.

ಪ್ರ: ಸೀಳುತುಟಿ ಇರುವ ಒಂದು ಮಗುವನ್ನು ಪೋರ್ಟಲ್‌ನ ವಿಶೇಷ ಅಗತ್ಯದ ಪಟ್ಟಿಯಲ್ಲಿ ನೋಡಿದೆವು. ನಾವಿಬ್ಬರೂ ತಯಾರಿದ್ದೇವೆ. ಮಾವ ಮಾತ್ರ ಆಪರೇಷನ್‌ಗೆ ಮನೆ ಮಾರಬೇಕಾಗುತ್ತದೆ ಅಂತ ಹೆದರಿಸುತ್ತಿದ್ದಾರೆ.
— ರಾಜಾಜಿನಗರ

ಉ: ಮಾವನಿಗೆ ಈ ಉತ್ತರವನ್ನು ಓದಿ ಹೇಳಿ. ಸೀಳುತುಟಿಯ ಆಪರೇಷನ್ ಪೂರ್ತಿ ಉಚಿತವಾಗಿ ಆಗುತ್ತದೆ. ಸ್ಮೈಲ್ ಟ್ರೇನ್ ಎಂಬ ಅಂತರರಾಷ್ಟ್ರೀಯ ದತ್ತಿ ಸಂಸ್ಥೆ ನಮ್ಮ ದೇಶದಲ್ಲಿ 2000ದಿಂದ ಕೆಲಸ ಮಾಡುತ್ತಿದೆ, ಬೆಂಗಳೂರಿನಲ್ಲೂ ಅದರ ಜೊತೆಗಾರ ಆಸ್ಪತ್ರೆಗಳಿವೆ. ತುಟಿಯ ಆಪರೇಷನ್ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ವಯಸ್ಸಿಗೆ ಮಾಡುತ್ತಾರೆ, ಅಂಗುಳದ್ದು ಒಂಬತ್ತು ತಿಂಗಳಿಂದ ಒಂದೂವರೆ ವರ್ಷದ ನಡುವೆ. ಎಷ್ಟೋ ಸಲ ಮಗು ಸಂಸ್ಥೆಯಲ್ಲಿ ಇರುವಾಗಲೇ ಮೊದಲನೆಯದು ಮುಗಿದಿರುತ್ತದೆ, ಮಗುವಿನ ವೈದ್ಯಕೀಯ ವರದಿಯಲ್ಲಿ ಬರೆದಿರುತ್ತಾರೆ, ಅದನ್ನು ನಿಮ್ಮ ಮಕ್ಕಳ ಡಾಕ್ಟರಿಗೆ ತೋರಿಸಿ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲೂ ಸೀಳುತುಟಿ ಸೇರಿದೆ.

ಮಾವ ಲೆಕ್ಕ ಹಾಕದೆ ಬಿಟ್ಟದ್ದು ಬೇರೆ ಇದೆ. ಆಪರೇಷನ್ ಆದ ಮೇಲೆ ಮಾತಿನ ತರಬೇತಿ ವರ್ಷಗಟ್ಟಲೆ ನಡೆಯಬಹುದು, ಹಲ್ಲಿನ ಚಿಕಿತ್ಸೆ ಇರುತ್ತದೆ, ಎಂಟು ಹತ್ತು ವರ್ಷಕ್ಕೆ ವಸಡಿನ ಮೂಳೆಯ ಇನ್ನೊಂದು ಸಣ್ಣ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮಾತಿನ ತರಬೇತಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ಖಾಸಗಿಯವರಿಗೆ ಹೋಲಿಸಿದರೆ ಖರ್ಚು ತೀರಾ ಕಡಿಮೆ. ನಿಮಗೆ ಜಾಸ್ತಿ ಹೋಗುವುದು ದುಡ್ಡಲ್ಲ, ರಜೆ. ಇಬ್ಬರಲ್ಲಿ ಯಾರು ಮಗುವನ್ನು ಕರೆದುಕೊಂಡು ಓಡಾಡುತ್ತೀರಿ ಅಂತ ಈಗಲೇ ಮಾತಾಡಿಕೊಳ್ಳಿ.

ಹೃದಯದ ತೊಂದರೆ ಇರುವ ಮಗುವಿನ ಬಗ್ಗೆಯೂ ಇನ್ನೊಬ್ಬರು ಕೇಳಿದ್ದಾರೆ. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲಿ ಬಿಲ್ಲಿಂಗ್ ಕೌಂಟರೇ ಇಲ್ಲ, ಹೃದಯ ಶಸ್ತ್ರಚಿಕಿತ್ಸೆ ಉಚಿತ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಇರುವ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿ ಖರ್ಚೂ ಅದರೊಳಗೆ ಬರುತ್ತದೆ. ಅಂಗವೈಕಲ್ಯ ಪ್ರಮಾಣಪತ್ರ ಮೊದಲು ಮಾಡಿಸಿ, ಅದಿಲ್ಲದೆ ಯಾವುದೂ ಮುಂದೆ ಹೋಗುವುದಿಲ್ಲ.

ಪ್ರ: ನನಗೆ 43, ಮದುವೆಯಾಗಿಲ್ಲ, ಖಾಸಗಿ ಶಾಲೆಯಲ್ಲಿ ಟೀಚರ್. ಮಗು ಬಂದಾಗ ಮೂರು ತಿಂಗಳಾದರೂ ಮನೆಯಲ್ಲಿರಬೇಕು. ಸಂಬಳ ನಿಂತರೆ ಕಷ್ಟ. ರಜೆ ಸಿಗುತ್ತದಾ?
— ಮಲ್ಲೇಶ್ವರಂ

ಉ: 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದಾಗ ದತ್ತು ತಾಯಿಗೂ 12 ವಾರ ಸಂಬಳದ ರಜೆ ಕೊಟ್ಟರು. ಆದರೆ ಮಗು ಮೂರು ತಿಂಗಳಿಗಿಂತ ಚಿಕ್ಕದಿರಬೇಕು ಅಂತ ಷರತ್ತು ಹಾಕಿದರು. ಬರೆದವರು ದತ್ತು ನಿಯಮ ಓದಿರಲಿಲ್ಲ ಅನಿಸುತ್ತದೆ. ಸಿಕ್ಕ ಮಗುವನ್ನು ದತ್ತಿಗೆ ಅರ್ಹ ಎಂದು ಘೋಷಿಸಲು ಕಾನೂನೇ ಎರಡು ತಿಂಗಳು ಕೊಡುತ್ತದೆ, ಆಮೇಲೆ ಮ್ಯಾಚಿಂಗು, ಕಾಗದಪತ್ರ. ಅಷ್ಟು ಎಳೆಯ ಮಗು ಮನೆಗೆ ಬರುವುದೇ ಅಪರೂಪ. ಈ ಷರತ್ತು ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು. ಹಾಗಾಗಿ ಶಾಲೆಯವರು ಹಳೆಯ ಸುತ್ತೋಲೆ ತೋರಿಸಿ ರಜೆ ಇಲ್ಲ ಅಂದರೆ ತಲೆಯಾಡಿಸಿ ಬರಬೇಡಿ, ಈಗ ಜಾರಿಯಲ್ಲಿರುವ ನಿಯಮ ಯಾವುದು ಅಂತ ಬರಹದಲ್ಲಿ ಕೇಳಿ. ಏನೇ ಇರಲಿ, ಮೂರು ತಿಂಗಳ ಸಂಬಳದಷ್ಟು ಬೇರೆ ಖಾತೆಯಲ್ಲಿ ಇಡಲು ಇವತ್ತೇ ಶುರು ಮಾಡಿ.

ಇನ್ನೊಂದು ಮಾತು. ಒಂಟಿ ಪೋಷಕರಿಗೆ ಎರಡು ವರ್ಷದೊಳಗಿನ ಮಗು ಬೇಕಾದರೆ ವಯಸ್ಸು 40 ದಾಟಿರಬಾರದು, ಎರಡರಿಂದ ನಾಲ್ಕು ವರ್ಷದ ಮಗುವಿಗೆ 45, ನಾಲ್ಕರಿಂದ ಎಂಟಕ್ಕೆ 50. ದೊಡ್ಡ ಮಗುವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಿಮ್ಮದೇ ಶಾಲೆಗೆ ನಿಮ್ಮ ಜೊತೆ ಬಸ್ಸಿನಲ್ಲಿ ಬರುವ ವಯಸ್ಸಿನ ಮಗುವಾದರೆ ರಜೆಯ ತಲೆನೋವೂ ಕಡಿಮೆ.

ಪ್ರ: ನಾನು ಬ್ಯಾಂಕಿನಿಂದ ನಿವೃತ್ತ. ಹೆಂಡತಿಯ ನೆನಪಿಗೆ ಎರಡು ಲಕ್ಷ ರೂಪಾಯಿ ದಾನ ಮಾಡಬೇಕು ಅಂತಿದ್ದೇನೆ. ಬಡ ದಂಪತಿಗಳು ದತ್ತು ತೆಗೆದುಕೊಳ್ಳಲು ಸಹಾಯವಾಗುವ ಹಾಗೆ ಎಲ್ಲಿ ಕೊಡಲಿ?
— ಬಸವನಗುಡಿ

ಉ: ಸಾರ್, ನೀವು ಕೇಳಿದ್ದಕ್ಕೆ ನೇರ ಉತ್ತರ ಕೊಡದೆ ನಿಮ್ಮ ದುಡ್ಡನ್ನು ಸ್ವಲ್ಪ ಬೇರೆ ಕಡೆ ತಿರುಗಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ದತ್ತು ಪಡೆಯುವವರು ಸಾಲು ಸಾಲು ಇದ್ದಾರೆ, ಅವರ ಖರ್ಚು 64,000, ಕೂಡಿಡಲು ಮೂರು ವರ್ಷ ಸಮಯ ಇದೆ. ಮೊದಲ ಪತ್ರದಲ್ಲಿ ನೋಡಿದಿರಿ. ದುಡ್ಡಿಲ್ಲದೆ ಒದ್ದಾಡುತ್ತಿರುವುದು ಸಾಲಿನ ಇನ್ನೊಂದು ತುದಿಯಲ್ಲಿರುವವರು. ಗಂಡ ಸತ್ತ, ಅಥವಾ ಬಿಟ್ಟು ಹೋದ, ಮೂರು ಮನೆ ಪಾತ್ರೆ ತೊಳೆಯುವ ತಾಯಿ, ಮಗುವನ್ನು ಎಲ್ಲಿ ಬಿಟ್ಟು ಕೆಲಸಕ್ಕೆ ಹೋಗಬೇಕು ಎಂದು ಗೊತ್ತಾಗದೆ ಹಾಸ್ಟೆಲಿಗೋ ಸಂಸ್ಥೆಗೋ ಸೇರಿಸುತ್ತಾಳೆ. ಆ ಮಗುವಿಗೆ ದತ್ತು ಬೇಕಾಗಿಲ್ಲ. ತಾಯಿ ಇದ್ದಾಳೆ.

ಇಂಥವರಿಗೆ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಇದೆ. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ವಿಧವೆಯ ಮಕ್ಕಳು, ತಂದೆ ತಾಯಿ ಇಲ್ಲದೆ ಅಜ್ಜಿ ಮನೆಯಲ್ಲಿ ಬೆಳೆಯುವವರು, ಪೋಷಕರಿಗೆ ದೊಡ್ಡ ಕಾಯಿಲೆ ಇರುವವರು ಅರ್ಹರು. ಒಳ್ಳೆಯ ಯೋಜನೆ. ಆದರೆ ಆದಾಯ ಮಿತಿ ನೋಡಿ, ಹಳ್ಳಿಯಲ್ಲಿ ವರ್ಷಕ್ಕೆ 72,000, ನಗರದಲ್ಲಿ 96,000. ಅಂದರೆ ತಿಂಗಳಿಗೆ 8,000. ಬೆಂಗಳೂರಿನಲ್ಲಿ ತಿಂಗಳಿಗೆ 12,000 ದುಡಿಯುವ ಹೆಂಗಸು ಸರ್ಕಾರದ ಲೆಕ್ಕದಲ್ಲಿ ಬಡವಳಲ್ಲ! ಅದರಲ್ಲಿ ಅರ್ಧ ಬಾಡಿಗೆಗೇ ಹೋಗುತ್ತದೆ ಎನ್ನುವುದನ್ನು ಯಾವ ಫಾರಂ ಕೇಳುತ್ತದೆ? ನಿಮ್ಮ ದುಡ್ಡು ಹೋಗಬೇಕಾದದ್ದು ಈ ಸಂದಿಯಲ್ಲಿ ಬಿದ್ದವರಿಗೆ. ಎರಡು ಲಕ್ಷಕ್ಕೆ ಒಂದು ಮಗುವಿಗೆ ತಿಂಗಳಿಗೆ 4,000ದಂತೆ ನಾಲ್ಕು ವರ್ಷ ಬರುತ್ತದೆ. ಅಷ್ಟರಲ್ಲಿ ಎರಡು ವರ್ಷದ ಕೂಸು ಒಂದನೇ ಕ್ಲಾಸಿಗೆ ಸೇರುವ ವಯಸ್ಸಿಗೆ ಬಂದಿರುತ್ತದೆ, ತಾಯಿಯ ಕಷ್ಟದ ಕಾಲ ದಾಟಿರುತ್ತದೆ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ, ಆದಾಯ ಸ್ವಲ್ಪ ಜಾಸ್ತಿ ಅಂತ ಅರ್ಜಿ ತಿರಸ್ಕಾರ ಆದ ಕುಟುಂಬಗಳ ಜೊತೆ ಕೆಲಸ ಮಾಡುವ ಸಂಸ್ಥೆ ಯಾವುದು ಅಂತ. ಮಕ್ಕಳ ಹೆಸರು ಕೊಡಲಾರರು, ಕೊಡಲೂಬಾರದು. ಸಂಸ್ಥೆಯ ಹೆಸರು ಹೇಳುತ್ತಾರೆ.

ಇಲ್ಲ, ದತ್ತು ಕೇಂದ್ರಕ್ಕೇ ಕೊಡಬೇಕು ಅನಿಸಿದರೆ ಅದೂ ಸರಿ. ನೀವು ದತ್ತು ಅರ್ಜಿದಾರರಲ್ಲದ ಕಾರಣ ನೀವು ಕೊಡುವುದಕ್ಕೆ ಅಡ್ಡಿ ಇಲ್ಲ. ಅರ್ಜಿ ಹಾಕಿದವರಿಂದ ಮಾತ್ರ ಶುಲ್ಕ ಬಿಟ್ಟು ದೇಣಿಗೆ ತೆಗೆದುಕೊಳ್ಳುವ ಹಾಗಿಲ್ಲ. ಮಾನ್ಯತೆ ಪಡೆದ ವಿಶೇಷ ದತ್ತು ಸಂಸ್ಥೆಗಳ ಪಟ್ಟಿ ಕಾರಾ ಪೋರ್ಟಲ್‌ನಲ್ಲಿದೆ. ಅಲ್ಲಿ ಹೋಗಿ ಫಲಕದಲ್ಲಿ ಹೆಸರು ಹಾಕಿಸುವ ಫ್ಯಾನು, ಬೀರು ಕೊಡಬೇಡಿ, ಅವು ಈಗಾಗಲೇ ಬೇಕಾದಷ್ಟಿರುತ್ತವೆ. ರಾತ್ರಿ ಪಾಳಿಯ ಆಯಾಗೆ ಸಂಬಳ ಸಾಲುತ್ತಿದೆಯಾ ಕೇಳಿ. ಆರು ಕೂಸುಗಳಿಗೆ ಒಬ್ಬರೇ ಆಯಾ ಇದ್ದರೆ ಅತ್ತ ಮಗುವನ್ನು ಎತ್ತಿಕೊಳ್ಳಲು ಕೈ ಇರುವುದಿಲ್ಲ, ಎತ್ತಿಕೊಳ್ಳದ ಮಕ್ಕಳು ಅಳುವುದನ್ನೇ ಬಿಡುತ್ತವೆ. ಒಬ್ಬ ಹೆಚ್ಚುವರಿ ಆಯಾಳ ಒಂದು ವರ್ಷದ ಸಂಬಳ ಅಂತ ಉದ್ದೇಶ ಬರೆದು, ಚೆಕ್ಕಿನಲ್ಲೇ ಕೊಡಿ. 2,000 ರೂಪಾಯಿ ದಾಟಿದ ನಗದು ದಾನಕ್ಕೆ ಆದಾಯ ತೆರಿಗೆಯ ರಿಯಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಹೇಗೂ ಇಲ್ಲ. ನೀವು ಬ್ಯಾಂಕಿನವರು, ಇದೆಲ್ಲ ನಿಮಗೆ ಗೊತ್ತಿರುತ್ತದೆ. ಆರು ತಿಂಗಳಾದ ಮೇಲೆ ಒಂದು ಸಲ ಹೋಗಿ ಆಯಾ ಬಂದಿದ್ದಾರಾ ಅಂತ ವಿಚಾರಿಸಿ, ದಾನ ಕೊಟ್ಟವರಿಗೆ ಕೇಳುವ ಹಕ್ಕಿದೆ.